ಮನೆಯ ಮಾತು, ಬರೆದಿಲ್ಲ

೫ ಫೆಬ್ರವರಿ

ಮಗಳೇ,

ಇನ್ನು ಮುಂದೆ ಅಂಗಡಿಯ ಫೋನಿಗೆ ಕರೆ ಮಾಡಬೇಡ. ಮೊನ್ನೆ ಅಂಗಡಿಯವನು ಕೂಗಿದ, ನಾನು ಓಡಿದೆ, ರಿಸೀವರನ್ನು ಕಿವಿಗಿಟ್ಟುಕೊಂಡೆ. ನೀನು "ಅಪ್ಪಾ, ಅಪ್ಪಾ" ಎಂದೆ. ನಾನು ತಲೆಯಾಡಿಸಿದೆ. ತಂತಿಯಲ್ಲಿ ತಲೆಯಾಡಿಸಿದ್ದು ಹೋಗುವುದಿಲ್ಲ ಎಂದು ಆಮೇಲೆ ಹೊಳೆಯಿತು. ಉಸಿರಾದರೂ ಕೇಳಿಸೀತು ಎಂದುಕೊಂಡರೆ ಅದೂ ಈಗ ಕತ್ತಿನ ತೂತಿನಲ್ಲಿ ಓಡಾಡುತ್ತದೆ, ಬಾಯಿಯ ದಾರಿಯನ್ನೇ ಮರೆತಿದೆ. ಹಿಂದೆ ನಿಂತಿದ್ದವನೊಬ್ಬ, "ಯಜಮಾನ್ರೇ, ಮಾತಾಡೋದಿದ್ರೆ ಮಾತಾಡಿ, ಇಲ್ದಿದ್ರೆ ನಮಗೆ ಬಿಡಿ" ಅಂದ. ನ್ಯಾಯವಾಗಿತ್ತು, ಬಿಟ್ಟೆ.

ಹಾಗಾಗಿ ಪತ್ರ. ಕಾಗದದ ಮೇಲೆ ನಾನು ಇನ್ನೂ ಗಟ್ಟಿ ಗಂಟಲಿನವನೇ.

ಆಸ್ಪತ್ರೆಯ ಮಾತಿನ ಮೇಡಂ ಹತ್ತಿರ ವಾರಕ್ಕೆರಡು ಸಲ ಹೋಗುತ್ತಿದ್ದೇನೆ. ಗಾಳಿಯನ್ನು ನುಂಗಬೇಕಂತೆ, ನುಂಗಿದ್ದನ್ನು ತೇಗಬೇಕಂತೆ, ತೇಗನ್ನು ತುಂಡು ತುಂಡು ಮಾಡಿ ಅಕ್ಷರ ಮಾಡಬೇಕಂತೆ. ಕೋರ್ಟಿನಲ್ಲಿ ನಾನು ಹೆಸರು ಕೂಗಿದರೆ ಗೇಟಿನಾಚೆ ಚಹಾ ಕುಡಿಯುತ್ತಿದ್ದ ಕಕ್ಷಿದಾರ ಲೋಟ ಇಟ್ಟು ಓಡಿ ಬರುತ್ತಿದ್ದ. ಈಗ ಎದುರಿಗೆ ಕೂತ ಮೇಡಂ, "ಏನಂದ್ರಿ? ಇನ್ನೊಂದ್ಸಲ ಹೇಳಿ" ಅನ್ನುತ್ತಾರೆ. ನಾನು ಏನೂ ಅಂದಿರುವುದಿಲ್ಲ, ಊಟ ಜೀರ್ಣವಾಗಿರುತ್ತದೆ ಅಷ್ಟೆ.

ನಿನ್ನ ಅಮ್ಮನದೇ ಕಷ್ಟ. ಅವಳಿಗೆ ಕಣ್ಣು ಪೂರ್ತಿ ಹೋದ ಮೇಲೆ ನಾನು ಮನೆಯಲ್ಲಿ ಮಾತಾಡುತ್ತಲೇ ನಡೆಯುತ್ತಿದ್ದೆ, ನಿನಗೆ ಗೊತ್ತಲ್ಲ. ಬಂದರೆ "ಬಂದೆ", ಕೂತರೆ "ಕೂತೆ". ಈಗ ಹತ್ತಿರ ಹೋಗಿ ಭುಜ ಮುಟ್ಟಿದರೆ ಬೆಚ್ಚಿಬೀಳುತ್ತಾಳೆ. ಕೈಯಲ್ಲಿದ್ದದ್ದು ಕೆಳಗೆ. ಗಾಜಿನ ಲೋಟಗಳೆಲ್ಲ ಮುಗಿದವು, ಈಗ ಸ್ಟೀಲು. ಚಪ್ಪಲಿಯಲ್ಲಿ ಸದ್ದು ಮಾಡಿ ನೋಡಿದೆ. "ಎದುರು ಮನೆಯವರಿಗೂ ಚಪ್ಪಲಿ ಇದೆ" ಅಂದಳು. ಚಪ್ಪಾಳೆ ತಟ್ಟಿದೆ. "ಭಾಷಣ ಮಾಡಿದ್ದು ಯಾರು?" ಅಂದಳು. ಕೊನೆಗೆ ಒಂದು ಸಣ್ಣ ಗಂಟೆ ತಂದು ಸೊಂಟಕ್ಕೆ ಸಿಕ್ಕಿಸಿಕೊಂಡೆ. "ನಾನು ಗಂಡನ್ನ ಕಟ್ಕೊಂಡಿದ್ನೋ, ಹಸುನ ಕಟ್ಕೊಂಡಿದ್ನೋ?" ಅಂದು ನಕ್ಕಳು. ನಕ್ಕವಳು ಆಮೇಲೆ ಒಂದು ಮಾತು ಅಂದಳು: "ಗಂಟೆ ಯಾರು ಆಡ್ಸಿದ್ರೂ ಹೊಡ್ಕೊಳ್ಳತ್ತೆ ರೀ. ನೀವೇ ಅಂತ ಹೇಗೆ ಗೊತ್ತಾಗ್ಬೇಕು?"

ಗಂಟೆ ಬಿಚ್ಚಿಟ್ಟೆ. ನಿನ್ನ ಕೆಲಸ ಹೇಗಿದೆ ಬರೆ.

ಮಾತು ಸೋತು ಕೂತು ಬರೆಯುವ,
ಅಪ್ಪ


೨೬ ಫೆಬ್ರವರಿ

ಅಪ್ಪಾ,

ನಿನ್ನ ಪತ್ರ ನನ್ನನ್ನು ಹುಡುಕಿಕೊಂಡು ಎರಡು ಊರು ಸುತ್ತಿ ಈ ಲಾಡ್ಜಿಗೆ ಬಂತು. ಇಲ್ಲಿಯ ಕೋಣೆಗೆ ಒಂದು ಕಿಟಕಿ ಇದೆ, ತೆರೆದರೆ ಪಕ್ಕದ ಕಟ್ಟಡದ ಗೋಡೆ. ಒಂದು ಮೇಜಿದೆ, ಅದರ ಡ್ರಾಯರ್ ತೆರೆಯುವುದಿಲ್ಲ. ಮ್ಯಾನೇಜರಿಗೆ ಹೇಳಿದೆ. "ಅದು ಶೋಗೆ ಮೇಡಂ" ಅಂದ.

ಕೆಲಸ ಅದೇ. ಇನ್ನೇನು ಗಂಟಲಿನ ಆಪರೇಷನ್ ಆಗಿ ದನಿ ಕಳೆದುಕೊಳ್ಳಲಿರುವವರನ್ನು ಹುಡುಕಿಕೊಂಡು ಹೋಗುವುದು, ಒಬ್ಬೊಬ್ಬರ ಮುಂದೆ ಕೂತು ಕೇಳುವುದು. ಇಂಥ ಸಂದರ್ಶನದಲ್ಲಿ ಪ್ರಶ್ನೆ ಕಡಿಮೆ, ಕಿವಿ ಜಾಸ್ತಿ. ನೇರ ಎದುರಿಗೆ ಕೂರಬಾರದು, ಪೊಲೀಸರ ಹಾಗೆ ಕಾಣುತ್ತದೆ. ಸ್ವಲ್ಪ ಓರೆಯಾಗಿ ಕೂರಬೇಕು. ಹೌದು-ಇಲ್ಲ ಎಂದು ಮುಗಿದುಹೋಗುವ ಪ್ರಶ್ನೆ ಕೇಳಬಾರದು. ಟೇಪನ್ನು ಅವರ ಕಣ್ಣಿಗೆ ಬೀಳುವ ಹಾಗೆ ಇಟ್ಟು, ಆಮೇಲೆ ಅದನ್ನು ಮರೆಯುವ ಹಾಗೆ ಮಾಡಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಅವರು ಮಾತು ನಿಲ್ಲಿಸಿದಾಗ ನಾವು ಶುರು ಮಾಡಬಾರದು. "ಆ ಮೌನ ಅವರದು, ಕದೀಬೇಡಿ" ಎಂದು ಹೊಸಬರಿಗೆ ನಾನೇ ಪಾಠ ಮಾಡುತ್ತೇನೆ. ಗುರು ಎಂದು ಕರೆಯುತ್ತಾರೆ, ಸದಾ ಗುರ್ ಎನ್ನುತ್ತಿರುತ್ತೇನೆ ಎಂದೇ ಇರಬೇಕು.

ನಿನ್ನನ್ನು ಸಂದರ್ಶನ ಮಾಡಿದ ನನ್ನ ಸಹೋದ್ಯೋಗಿಗೆ ನೀನಿಟ್ಟ ಹೆಸರೇ ಆಫೀಸಿನಲ್ಲಿ ಗಟ್ಟಿಯಾಗಿದೆ. ಮಾತಿಗೊಮ್ಮೆ "ಆಮೇಲೆ?" ಎಂದು ಕೇಳುತ್ತಿದ್ದಳೆಂದು ನೀನು ಅವಳನ್ನು ಆಮೇಲಮ್ಮ ಎಂದೆಯಂತೆ. ಅವಳು ನಿನ್ನನ್ನು ಬಹಳ ನೆನೆಯುತ್ತಾಳೆ. ಏನು ಮಾತಾಡಿದೆ ಎಂದು ಮಾತ್ರ ಹೇಳುವುದಿಲ್ಲ, ನಾನೂ ಕೇಳುವುದಿಲ್ಲ. ಸ್ವಂತದವರ ಸಂದರ್ಶನವನ್ನು ನಾವು ಮಾಡುವ ಹಾಗಿಲ್ಲ, ಕೇಳುವ ಹಾಗಿಲ್ಲ, ಓದುವ ಹಾಗಿಲ್ಲ. ನಿಯಮ ಮಾಡಿದವಳು ನಾನೇ, ಪಾಲಿಸುವುದು ನಿನ್ನಿಂದ ಕಲಿತದ್ದು.

ಮೊನ್ನೆ ಹರಾಜು ಕೂಗುವವರೊಬ್ಬರು ಸಿಕ್ಕಿದ್ದರು. ದನಿಯೇ ಹೊಟ್ಟೆಪಾಡು. ದನಿ ಹೋದರೆ ಏನು ಕಳೆದುಕೊಂಡ ಹಾಗೆ ಅನ್ನಿಸುತ್ತದೆ ಎಂದು ಕೇಳಿ ಸುಮ್ಮನೆ ಕೂತೆ. ಕೆಲಸದ ಮಾತು ಬರುತ್ತದೆ ಎಂದುಕೊಂಡಿದ್ದೆ. ಬಹಳ ಹೊತ್ತಾದ ಮೇಲೆ, "ನನ್ನ ನಾಯೀನ ಹೇಗೆ ಕರೀಲಿ ಮೇಡಂ? ಹೆಂಡತಿಗೆ ಚೀಟಿ ಬರೆದು ತೋರಿಸ್ತೀನಿ. ನಾಯಿಗೆ ಓದೋಕ್ಕೆ ಬರಲ್ವಲ್ಲ" ಅಂದರು. ಅಂದು ಅತ್ತರು. ನನ್ನ ಇಷ್ಟು ವರ್ಷದ ಕೆಲಸದಲ್ಲಿ ಇಂಥ ಉತ್ತರ ಕೇಳಿರಲಿಲ್ಲ. ಇಡೀ ವರದಿಯ ಜೀವ ಆ ಒಂದು ಸಾಲಿನಲ್ಲಿದೆ.

ಅಮ್ಮನಿಗೆ ಸ್ವಲ್ಪ ದಿನದಲ್ಲಿ ಒಗ್ಗುತ್ತದೆ ಬಿಡು. ಈ ಸುತ್ತು ಮುಗಿಸಿ ಬರುತ್ತೇನೆ.

ಕೇಳಿ ಕೇಳಿ ಕಿವಿ ಸವೆದ,
ನಿನ್ನ ಮಗಳು


೧೯ ಮಾರ್ಚ್

ಮಗಳೇ,

ನಿನ್ನ ಪತ್ರವನ್ನು ಮೇಲಿನ ಮನೆಯಾಕೆ ನಿನ್ನ ಅಮ್ಮನಿಗೆ ಓದಿ ಹೇಳಿದರು. ನಾಯಿಯ ವಿಷಯ ಬಂದಾಗ ಅವಳು ನಾನಿದ್ದ ಕಡೆಗೆ ಮುಖ ತಿರುಗಿಸಿದಳು. ನಾನು ಬೇರೆ ಕಡೆ ನೋಡುತ್ತಿದ್ದೆ.

ಮೇಲಿನ ಮನೆಯಾಕೆ ಇಲ್ಲದಾಗ ನಾನು ಅವಳ ಅಂಗೈ ಮೇಲೆ ಬೆರಳಿನಲ್ಲಿ ಬರೆಯುತ್ತೇನೆ. ಒತ್ತಕ್ಷರ ಬಂದರೆ ಕಚಗುಳಿ ಎನ್ನುತ್ತಾಳೆ. ಹೊಲಿಗೆಯವಳ ಕೈ, ಬೇಗ ಕಲಿತಳು. ಆದರೆ ಅಂಗೈ ಸಿಗಬೇಕಾದರೆ ಮೊದಲು ಮುಟ್ಟಬೇಕಲ್ಲ. ಮುಟ್ಟಿದರೆ ಬೆಚ್ಚುತ್ತಾಳಲ್ಲ. ಅಲ್ಲಿಗೇ ಬಂದು ನಿಲ್ಲುತ್ತದೆ.

ಕಳೆದ ವಾರ ನಡೆದದ್ದನ್ನು ಬರೆಯುತ್ತೇನೆ, ಇದನ್ನು ಯಾರಿಂದಲೂ ಅವಳಿಗೆ ಓದಿಸುವುದಿಲ್ಲ. ಮಧ್ಯಾಹ್ನ ನಾನು ಔಷಧಿ ತರಲು ಹೋಗಿದ್ದೆ. ಬಾಗಿಲು ಬರೀ ಮುಂದೆ ಮಾಡಿತ್ತು. ನೀರಿನ ಮೀಟರ್ ನೋಡುವವನು ಬಂದಿದ್ದಾನೆ. "ಮೀಟರ್" ಎಂದು ಕೂಗಿದನಂತೆ. ಇವಳು ನಲ್ಲಿ ಬಿಟ್ಟುಕೊಂಡು ಪಾತ್ರೆ ತೊಳೆಯುತ್ತಿದ್ದಳು, ಕೇಳಿಸಿಲ್ಲ. ನಲ್ಲಿ ನಿಲ್ಲಿಸಿದಾಗ ಹಿಂದೆ ಹೆಜ್ಜೆಯ ಸದ್ದು. ಮಾತಿಲ್ಲದ ಹೆಜ್ಜೆ ಎಂದರೆ ನಾನೇ ಎಂದುಕೊಂಡಳು. ಪಾತ್ರೆ ಒರೆಸುತ್ತ ಮಾತು ಶುರು ಮಾಡಿದ್ದಾಳೆ.

ನಾನು ಬಂದು ಬಾಗಿಲಲ್ಲಿ ನಿಂತಾಗ ಅವಳು ಹೇಳುತ್ತಿದ್ದಳು: "ನಿಮ್ಮ ಹತ್ರ ಜಗಳ ಆಡಿ ಎಷ್ಟು ದಿನ ಆಯ್ತು ರೀ. ಮೊದ್ಲು ನಾನು ಹೋಗ್ಬೇಕು ಅಂತಿದ್ದೆ, ಮುತ್ತೈದೆ ಆಸೆ ಅಂತ ನಗ್ತಿದ್ರಿ. ಈಗ ಬೇಡ. ನಾನು ಹೋದ್ರೆ ನೀವು ಯಾರ ಅಂಗೈ ಮೇಲೆ ಬರೀತೀರಿ? ನೀವೇ ಮೊದ್ಲು ಹೋಗಿ. ನಾನು ಹೇಗೋ ಇರ್ತೀನಿ."

ಮೀಟರಿನವನು ಟೋಪಿ ಕೈಯಲ್ಲಿ ಹಿಡಿದು ಗೋಡೆಗಂಟಿ ನಿಂತಿದ್ದ. ನಾನು ಬಾಗಿಲಲ್ಲಿ. "ನಾನು ಇಲ್ಲಿದ್ದೀನಿ ಕಣೇ" ಎನ್ನಬೇಕು. ಎಲ್ಲಿಂದ ಅನ್ನಲಿ? ಗಾಳಿ ನುಂಗಿದೆ, ಬರಲಿಲ್ಲ. ಅವನು ನನ್ನನ್ನು ನೋಡಿ ಗಾಬರಿಯಾಗಿ, "ಸರ್, ಹೇಳೋಣ ಅಂದ್ರೆ ಮಧ್ಯ ಜಾಗನೇ ಸಿಗ್ಲಿಲ್ಲ ಸರ್" ಎಂದುಬಿಟ್ಟ.

ಬೇರೆ ಗಂಡಸಿನ ದನಿ ಕೇಳಿ ಅವಳು ಅಲ್ಲೇ ನೆಲದ ಮೇಲೆ ಕೂತಳು. ಒರೆಸುವ ಬಟ್ಟೆಯನ್ನು ಮುಖಕ್ಕೆ ಒತ್ತಿಕೊಂಡು ಕೂತವಳು ಏಳಲಿಲ್ಲ. ಅಂದಿನಿಂದ ಮನೆಯಲ್ಲಿ ಅವಳದೂ ಮಾತಿಲ್ಲ. ಯಾರಿದ್ದಾರೋ ಎಂಬ ಭಯ. ನನಗೆ ಹೇಳಿದ ಮಾತು ಮೀಟರಿನವನ ಪಾಲಾಯಿತು, ಇನ್ನು ನನ್ನ ಪಾಲಿಗೂ ಇಲ್ಲ.

ಮಾತಿನ ಮೇಡಂ ಕೂಡ ಕೈಬಿಟ್ಟರು. "ಕೆಲವರಿಗೆ ಬರಲ್ಲ, ಬೇಜಾರು ಮಾಡ್ಕೋಬೇಡಿ" ಅಂದರು.

ಆದರೆ ನಾನು ಅಷ್ಟು ದಡ್ಡನಲ್ಲ. ಆಪರೇಷನ್ನಿನ ಹಿಂದಿನ ದಿನ ಆಮೇಲಮ್ಮ ಆಸ್ಪತ್ರೆಗೆ ಬಂದು ಎಲ್ಲ ಕೇಳಿ ಮುಗಿಸಿ, "ಇನ್ನೇನಾದ್ರೂ ಹೇಳೋದಿದ್ಯಾ?" ಅಂದಳು. "ಟೇಪು ಆಫ್ ಮಾಡ್ಬೇಡಮ್ಮ, ನೀನು ಸ್ವಲ್ಪ ಆಚೆ ಹೋಗು" ಅಂದೆ. ಹೋದಳು. ನಾನು ಬಿಸಿನೀರು ಮುಕ್ಕಳಿಸಿ ಕೂತೆ. "ನಾನೇ, ಹೆದರಬೇಡ." ಸ್ವಲ್ಪ ಬಿಟ್ಟು ಮತ್ತೆ "ನಾನೇ, ಹೆದರಬೇಡ." ಟೇಪಿನಲ್ಲಿ ಉಳಿದಿದ್ದ ಜಾಗ ತುಂಬುವವರೆಗೂ ಅದನ್ನೇ ಹೇಳಿದೆ, ನಡುನಡುವೆ ಇನ್ನು ಕೆಲವು. ಎಲ್ಲಿ ಒತ್ತಿದರೂ ಅದೇ ಕೇಳಬೇಕಲ್ಲ, ಹುಡುಕುವ ಹಾಗಿರಬಾರದು. ಮನೆಯಲ್ಲಿ ಮಾಡಿದ್ದರೆ ಅವಳು ಕೇಳಿಸಿಕೊಂಡು ಅಳುತ್ತಿದ್ದಳು, ನನಗೂ ನಾಚಿಕೆ. ಅಲ್ಲದೆ ಮಗಳ ಆಫೀಸಿನ ಬೀರುವಿಗಿಂತ ಭದ್ರವಾದ ಜಾಗ ಯಾವುದು?

ಈವರೆಗೆ ಕೇಳಲಿಲ್ಲ. ತೇಗು ಮಾತಾಗುತ್ತದೆ ಎಂಬ ಆಸೆ ಇತ್ತು. ಈಗ ಕೇಳುತ್ತಿದ್ದೇನೆ. ಆ ಕ್ಯಾಸೆಟ್ಟಿನ ಒಂದು ಪ್ರತಿ ಕಳಿಸು. ಹೆಗಲಿಗೆ ಹಾಕಿಕೊಳ್ಳುವ ಚಿಕ್ಕ ಟೇಪ್‌ರೆಕಾರ್ಡರ್ ತಂದಿಟ್ಟಿದ್ದೇನೆ. ಹೊಸ್ತಿಲಲ್ಲಿ ಗುಂಡಿ ಒತ್ತುವುದು, ಒಳಗೆ ಬರುವುದು. ನಿನ್ನ ಅಮ್ಮನಿಗೆ ಹೇಳಿದೆ. ಅಂಗೈ ಮೇಲೆ ಪೂರ್ತಿ ಬರೆಯುವ ಮೊದಲೇ, "ನಿಮ್ಮ ದನೀನಾ?" ಅಂದಳು. ಆ ವಾರದಲ್ಲಿ ಅವಳು ಆಡಿದ ಮೊದಲ ಮಾತು.

ತಡ ಮಾಡಬೇಡ.

ಅಪ್ಪ


೧೧ ಏಪ್ರಿಲ್

ಅಪ್ಪಾ,

ನಿನ್ನ ಪತ್ರ ತಲುಪಿತು. ಕ್ಯಾಸೆಟ್ಟಿನ ವಿಷಯ ವಿಚಾರಿಸುತ್ತಿದ್ದೇನೆ. ಆಫೀಸು ಜಾಗ ಬದಲಾಯಿಸಿದೆ, ಸಾಮಾನೆಲ್ಲ ಪೆಟ್ಟಿಗೆಗಳಲ್ಲಿದೆ. ಆಮೇಲಮ್ಮ ರಜೆಯಲ್ಲಿದ್ದಾಳೆ. ಈ ಕಡೆ ಬಿಸಿಲು ಜೋರು, ಲಾಡ್ಜಿನ ಫ್ಯಾನು ತಿರುಗುತ್ತದೆ ಆದರೆ ಗಾಳಿಗೂ ಅದಕ್ಕೂ ಸಂಬಂಧವಿಲ್ಲ. ಹೊಸಬರು ಇಬ್ಬರು ಸೇರಿದ್ದಾರೆ, ಒಳ್ಳೆಯ ಹುಡುಗಿಯರು, ಮಾತು ಮಾತ್ರ ನಿಲ್ಲಿಸುವುದಿಲ್ಲ.

ಅಮ್ಮನಿಗೆ ಮಾತ್ರೆ ತಪ್ಪಿಸಬೇಡ ಎಂದು ಹೇಳು. ಬಾಗಿಲಿಗೆ ಚಿಲಕ ಹಾಕಿಕೊಂಡು ಹೋಗು.

ನಿನ್ನ ಮಗಳು


೩೦ ಏಪ್ರಿಲ್

ಮಗಳೇ,

ನನ್ನ ಆಯುಷ್ಯವೆಲ್ಲ ವಾಯಿದೆ ಕೇಳುವವರನ್ನು ನೋಡಿಯೇ ಕಳೆದಿದೆ. ವಕೀಲರು ಎದ್ದು ನಿಂತು ಮೊದಲು ಬಿಸಿಲಿನ ಮಾತಾಡುತ್ತಾರೆ, ಆಮೇಲೆ ಕಾಗದಗಳು ಪೆಟ್ಟಿಗೆಯಲ್ಲಿವೆ ಎನ್ನುತ್ತಾರೆ, ಆಮೇಲೆ ಸಾಕ್ಷಿ ರಜೆಯಲ್ಲಿದ್ದಾರೆ ಎನ್ನುತ್ತಾರೆ. ನ್ಯಾಯಾಧೀಶರು ತಲೆ ಎತ್ತುವ ಮೊದಲೇ ನನಗೆ ಗೊತ್ತಾಗುತ್ತಿತ್ತು, ಈ ಕೇಸಿನಲ್ಲಿ ಏನೂ ಉಳಿದಿಲ್ಲ ಎಂದು.

ನಿನ್ನ ಅಮ್ಮ ದಿನಾ ಅಂಚೆಯವನ ಹೊತ್ತಿಗೆ ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು ಕೂರುತ್ತಾಳೆ. ನಾನು ಟೇಪ್‌ರೆಕಾರ್ಡರಿನ ಮೇಲಿನ ಧೂಳು ಒರೆಸುತ್ತೇನೆ. ಏನಿದೆಯೋ ಅದನ್ನು ಬರೆ.

ಅಪ್ಪ


೧೬ ಮೇ

ಅಪ್ಪಾ,

ಇದನ್ನು ಮೇಲಿನ ಮನೆಯಾಕೆಯ ಕೈಗೆ ಕೊಡಬೇಡ. ನೀನೊಬ್ಬನೇ ಓದು.

ನಿನ್ನ ಕ್ಯಾಸೆಟ್ ಇಲ್ಲ. ಕ್ಯಾಸೆಟ್ ಇದೆ, ಅದರಲ್ಲಿ ನೀನಿಲ್ಲ.

ನಮ್ಮಲ್ಲಿ ಹೀಗೆ ನಡೆಯುತ್ತದೆ. ಒಬ್ಬರು ನಮ್ಮನ್ನು ನಂಬಿ ಹೇಳಿದ್ದು ಬೇರೆಯವರ ಕಿವಿಗೆ ಬೀಳಬಾರದು. ಅದಕ್ಕೆ ದನಿಯನ್ನು ಟೈಪು ಮಾಡಿಸುತ್ತೇವೆ, ಹೆಸರುಗಳನ್ನು ಬದಲಿಸುತ್ತೇವೆ, ತಾಳೆ ನೋಡುತ್ತೇವೆ, ಆಮೇಲೆ ದನಿಯನ್ನು ಅಳಿಸುತ್ತೇವೆ. ನೀನು ಸಹಿ ಮಾಡಿದ ಒಪ್ಪಿಗೆಯ ಹಾಳೆಯಲ್ಲಿ ಇದೆ. ನೀನು ಓದದೆ ಸಹಿ ಮಾಡಿದೆ ಎಂದು ಆಮೇಲಮ್ಮ ಹೇಳಿದಳು. "ನನ್ನ ಮಗಳ ಆಫೀಸಿನ ಕಾಗದ, ಅದ್ರಲ್ಲಿ ಓದೋದೇನಿದೆ?" ಅಂದೆಯಂತೆ.

ಅವಳು ಕ್ಯಾಸೆಟ್ಟಿನ ಚೀಟಿಯ ಮೇಲೆ 'ಕೊನೆಯ ಭಾಗ ಮನೆಯವರಿಗೆ' ಎಂದು ಬರೆದು ಅಂಟಿಸಿದ್ದಳು. ಅಳಿಸುವ ಮೊದಲು ಚೀಟಿ ಕಿತ್ತವಳು ನಾನು. ಕ್ಯಾಸೆಟ್ಟಿನ ಬೆನ್ನಿನ ಮೇಲಿದ್ದ ಸಂಖ್ಯೆ ನೋಡಿ ನಿನ್ನದೆಂದು ಗೊತ್ತಾಯಿತು. ಸ್ವಂತದವರದನ್ನು ಓದಬಾರದಲ್ಲ, ಮುಖ ಆಚೆ ತಿರುಗಿಸಿಕೊಂಡು ಕಿತ್ತೆ. ಬೇರೆ ಯಾರ ಚೀಟಿಯಾದರೂ ಆಗಿದ್ದರೆ ಓದುತ್ತಿದ್ದೆ ಅಪ್ಪಾ. ಲೋಕದಲ್ಲಿ ನಾನು ಓದದ ಚೀಟಿ ಅದೊಂದೇ.

ಅಳಿಸುವುದಕ್ಕೆ ನಮ್ಮಲ್ಲಿ ಇಸ್ತ್ರಿಪೆಟ್ಟಿಗೆಯಂಥದೊಂದು ಅಯಸ್ಕಾಂತ ಇದೆ. ಅದರ ಮೇಲೆ ಕ್ಯಾಸೆಟ್ಟನ್ನು ಸುತ್ತ ತಿರುಗಿಸಿದರೆ ಸಾಕು. ಆಮೇಲೆ ಅದು ಹರಾಜಿನವರ ಸಂದರ್ಶನಕ್ಕೆ ಹೋಯಿತು. ನಾನೇ ಚೀಲಕ್ಕೆ ಹಾಕಿಕೊಂಡು ಹೋದೆ. ಮಾರ್ಚಿನಲ್ಲಿ ನೀನು ಬರೆದ ಪತ್ರ ಓದಿದ ದಿನ ಆ ಕ್ಯಾಸೆಟ್ಟನ್ನು ಮೊದಲಿನಿಂದ ಕೊನೆಯವರೆಗೆ ಕೇಳಿದೆ. ಅವರು ನಾಯಿಯ ಕಥೆ ಹೇಳುತ್ತಾರೆ. ಮುಗಿದ ಮೇಲೂ ನಿಲ್ಲಿಸಲಿಲ್ಲ. ಅವರ ಮಾತು ನಿನ್ನದಕ್ಕಿಂತ ಚಿಕ್ಕದು, ಕೊನೆಯಲ್ಲಿ ನಿನ್ನದೊಂದು ತುಣುಕು ಉಳಿದಿರಬಹುದು ಎಂಬ ಆಸೆ. ಬೇರೆ ಆಫೀಸುಗಳಲ್ಲಿ ಅಳಿಸದೆ ಮೇಲೆಯೇ ರೆಕಾರ್ಡ್ ಮಾಡುತ್ತಾರೆ, ಉಳಿಯುತ್ತಿತ್ತು. ನಾನು ಎಲ್ಲವನ್ನೂ ಸರಿಯಾಗಿ ಮಾಡುವವಳು. ಬರೀ ಸೊಂಯ್ ಎಂಬ ಸದ್ದು. ಅದನ್ನೂ ಕೊನೆಯವರೆಗೆ ಕೇಳಿದೆ.

ಟೈಪು ಮಾಡಿದ ಪ್ರತಿ ತೆಗೆಸಿದೆ, ನಿಯಮ ಮುರಿದು ಓದಿದೆ. ನೀನು ಆಮೇಲಮ್ಮನಿಗೆ ಹೇಳಿದ್ದೆಲ್ಲ ಇದೆ. ಕೋರ್ಟು, ಕೂಗು, ಜೋಕು. ಕೊನೆಯ ಹಾಳೆಯ ಕೆಳಗೆ ಟೈಪು ಮಾಡಿದವರು ಕಂಸದಲ್ಲಿ ಒಂದು ಸಾಲು ಹಾಕಿದ್ದಾರೆ: 'ಮನೆಯ ಮಾತು. ಸಂಶೋಧನೆಗೆ ಸಂಬಂಧವಿಲ್ಲ. ಬರೆದಿಲ್ಲ.' ಹಾಗೆ ಮಾಡಿ ಎಂದು ಅವರಿಗೆ ಹೇಳಿಕೊಟ್ಟಿದ್ದು ಯಾರು ಎಂದು ನೀನು ಕೇಳುವುದಿಲ್ಲ, ನಾನೇ ಹೇಳುತ್ತೇನೆ. ನಾನು.

ದನಿ ಹೋಗುವವರು ಯಾವುದಕ್ಕೆ ಹೆದರುತ್ತಾರೆ ಎಂದು ತಿಳಿಯಲು ಊರೂರು ಅಲೆಯುತ್ತಿದ್ದೇನೆ. ಆ ಉತ್ತರವೇ ಆ ಟೇಪಿನ ಕೊನೆಯಲ್ಲಿತ್ತು.

ಒಂದು ದಾರಿ ತೋಚುತ್ತಿದೆ. ನೀನು ಏನೇನು ಹೇಳಿದ್ದೆಯೋ ಬರೆದು ಕಳಿಸು. ನಾನು ನನ್ನ ದನಿಯಲ್ಲಿ ಹೇಳಿ ಕಳಿಸುತ್ತೇನೆ. ಅಮ್ಮನಿಗೆ ಗುರುತಿನ ದನಿ, ಬೆಚ್ಚುವುದಿಲ್ಲ. ಗಂಟೆಗಿಂತ ವಾಸಿ ಅಲ್ಲವೇ?

ಬೈದು ಬರೆ. ಬೈಯದೆ ಬರೆಯಬೇಡ.

ನಿನ್ನ ಮಗಳು


೮ ಜೂನ್

ಮಗಳೇ,

ನಿನ್ನ ಪತ್ರ ಬಂದು ಬಹಳ ದಿನವಾಯಿತು. ಮೊದಲು ಅವಳಿಗೆ ಹೇಳಬೇಕಿತ್ತು. ಅಂಗೈ ಹಿಡಿದು ಕೂತು ಬರೆದೆ, 'ಅಳಿಸಿ ಹೋಯಿತು'. ಅವಳಿಗೆ ಅರ್ಥವಾಗಲಿಲ್ಲವೋ, ಆಗಬಾರದೆಂದಿತ್ತೋ, "ಇನ್ನೊಂದ್ಸಲ ಬರೀರಿ" ಅಂದಳು. ಬರೆದೆ. ಮತ್ತೆ, "ಇನ್ನೊಂದ್ಸಲ" ಅಂದಳು. ಆಮೇಲೆ ಕೈ ಎಳೆದುಕೊಂಡಳು.

ಬೈಯಲು ಕೂತರೆ ಬೈಗುಳ ಬರಲಿಲ್ಲ. ಅದಕ್ಕೂ ಗಂಟಲು ಬೇಕೇನೋ. ಸಂಬಂಧವಿಲ್ಲ ಎಂದು ಟೈಪು ಮಾಡಿದವರ ಮೇಲೆ ನನಗೆ ಕೋಪವಿಲ್ಲ. ಅವರು ಹೇಳಿದಷ್ಟು ಮಾಡುವವರು, ನಾನೂ ಅಂಥವನೇ ಆಗಿದ್ದೆ. ನಿನ್ನ ಮೇಲಿನ ಕೋಪ ಬೇರೆಯದು. ಆಪರೇಷನ್ ಆದ ಮೇಲೆ ನೀನು ಒಂದೇ ಸಲ ಬಂದೆ. ಬಂದವಳು ಹೋಗುವವರೆಗೂ ಮಾತಾಡುತ್ತಲೇ ಇದ್ದೆ. ರೈಲಿನ ವಿಷಯ, ಲಾಡ್ಜಿನ ವಿಷಯ, ಯಾರದೋ ಮದುವೆಯ ವಿಷಯ. ನಾನು ಸ್ಲೇಟು ಎತ್ತಿಕೊಂಡರೆ ನೀನು ಇನ್ನೂ ಜೋರಾಗಿ ಮಾತಾಡುತ್ತಿದ್ದೆ. ಪರರ ಮೌನದ ಮುಂದೆ ಎಷ್ಟು ಹೊತ್ತಾದರೂ ಕೂರುತ್ತೀಯಂತೆ. ನನ್ನದರ ಮುಂದೆ ಒಂದು ಲೋಟ ಚಹಾ ಆರುವಷ್ಟು ಹೊತ್ತು ಕೂರಲಿಲ್ಲ. ನನಗೆ ಆಗಲೇ ಟೇಪಿನ ವಿಷಯ ಹೇಳಬೇಕಿತ್ತು. ಸ್ಲೇಟಿನ ಮೇಲೆ ಅರ್ಧ ಬರೆದಿದ್ದೆ. ನೀನು ಬಸ್ಸಿಗೆ ಹೊತ್ತಾಯಿತು ಎಂದು ಎದ್ದೆ.

ಹೋಗಲಿ. ನೀನು ಕೇಳಿದ್ದು ಇಲ್ಲಿದೆ.

ನಾನೇ, ಹೆದರಬೇಡ. ಬಂದೆ. ಅಂಗಡಿಗೆ ಹೋಗಿ ಬರ್ತೀನಿ, ಬೀಗ ಹಾಕ್ಕೊಂಡೇ ಹೋಗ್ತೀನಿ. ಕುರ್ಚಿ ಸರಿಸಿದ್ದೀನಿ, ಎಡಕ್ಕೆ ಬಾ. ಹಾಲು ನಾನು ನೋಡ್ಕೋತೀನಿ, ನೀನು ಏಳ್ಬೇಡ. ಕರೆಂಟ್ ಹೋಯ್ತು ಕಣೇ, ನಿನಗೇನು ನಷ್ಟ ಬಿಡು. ಕಾಲು ನೋಯ್ತಿದ್ಯಾ, ಕೊಡು ಇಲ್ಲಿ. ಇಲ್ಲೇ ಇದ್ದೀನಿ, ಮಲಗು.

ಇಷ್ಟೇ ಅಲ್ಲ, ಇನ್ನೂ ಇತ್ತು. ಮಿಕ್ಕಿದ್ದನ್ನು ಮಗಳ ಬಾಯಲ್ಲಿ ಹೇಳಿಸುವ ಹಾಗಿಲ್ಲ.

ಅಪ್ಪ


೧೦ ಜುಲೈ

ಅಪ್ಪಾ,

ಕ್ಯಾಸೆಟ್ ಇದರ ಜೊತೆ ಇದೆ. ಎರಡೂ ಮಗ್ಗುಲು ತುಂಬಿಸಿದ್ದೇನೆ, ಎಲ್ಲಿ ಒತ್ತಿದರೂ 'ನಾನೇ, ಹೆದರಬೇಡ' ಬರುತ್ತದೆ. ಬೇರೆ ಸಾಲುಗಳನ್ನು ನಡುವೆ ನೀನು ಹೇಳಿದ ಹಾಗೆಯೇ ಸೇರಿಸಿದ್ದೇನೆ. 'ಕಾಲು ನೋಯ್ತಿದ್ಯಾ' ಎಂಬಲ್ಲಿ ನನ್ನ ದನಿ ಒಡೆದಿದೆ. ಮತ್ತೆ ಮತ್ತೆ ಹೇಳಿ ನೋಡಿದೆ, ಪ್ರತಿ ಸಲವೂ ಅಲ್ಲೇ ಒಡೆಯುತ್ತದೆ. ಗುಂಡಿ ಒತ್ತಲು ಕೂತಿದ್ದ ಆಮೇಲಮ್ಮ, "ಇರ್ಲಿ ಬಿಡಿ, ಹಾಗೇ ಇರ್ಲಿ" ಅಂದಳು. ಜೀವನದಲ್ಲಿ ಮೊದಲ ಸಲ ಅವಳು ಆಮೇಲೆ ಎನ್ನಲಿಲ್ಲ.

ನೀನು ಬರೆದದ್ದು ನಿಜ. ನಿನ್ನ ಮೌನ ನನಗೆ ಪರರ ಮೌನದ ಹಾಗಲ್ಲ. ಅದರ ಮುಂದೆ ಕೂತರೆ, ಇನ್ನು ಇದು ಹೀಗೇ ಎಂದು ಒಪ್ಪಿಕೊಂಡ ಹಾಗೆ ಅನ್ನಿಸುತ್ತಿತ್ತು.

ಮುಂದಿನ ತಿಂಗಳು ಬರಬೇಕೆಂದಿ​ದ್ದೆ. ವರದಿ ಒಪ್ಪಿಸುವ ಗಡುವು ಹತ್ತಿರ ಬಂದಿದೆ. ಅದಾದ ಮೇಲೆ ಖಂಡಿತ. ಕ್ಯಾಸೆಟ್ ಕೆಲಸ ಮಾಡುತ್ತದೆಯೇ, ಅಮ್ಮ ಏನಂದಳು, ಬರೆ.

ನಿನ್ನ ಮಗಳು


೨೧ ಆಗಸ್ಟ್

ಪುಟ್ಟೀ,

ನಾನು ಅಮ್ಮ. ನಾನು ಹೇಳ್ತಿದ್ದೀನಿ, ನಿಮ್ಮಪ್ಪ ಬರ್ಕೋತಿದ್ದಾರೆ. ಹೇಳಿದ್ದನ್ನ ಹೇಳಿದ ಹಾಗೇ ಬರೀಬೇಕು, ನಯ ಮಾಡಬಾರದು ಅಂತ ಆಣೆ ಹಾಕ್ಸಿದ್ದೀನಿ. ಬರೆದಿದ್ದಾರೋ ಇಲ್ವೋ ನನಗೆ ಹೇಗೆ ಗೊತ್ತಾಗ್ಬೇಕು, ನೀನೇ ನೋಡು. (ಬರೆದಿದ್ದೇನೆ.)

ನಿನ್ನ ಕ್ಯಾಸೆಟ್ ಬಂತು ಪುಟ್ಟೀ. ಮೊದಲ ದಿನ ನಿಮ್ಮಪ್ಪ ಹೊಸ್ತಿಲಲ್ಲಿ ನಿಂತು ಗುಂಡಿ ಒತ್ತಿದ್ರು. ನಾನು ಹುರುಳಿಕಾಯಿ ನಾರು ಬಿಡಿಸ್ತಾ ಕೂತಿದ್ದೆ. "ನಾನೇ, ಹೆದರಬೇಡ" ಅಂತ ನಿನ್ನ ದನಿ. ನಾನು ಎದ್ದೇಬಿಟ್ಟೆ. ಮಡಿಲಲ್ಲಿದ್ದದ್ದೆಲ್ಲ ನೆಲಕ್ಕೆ ಬಿತ್ತು. "ಯಾವಾಗ ಹೊರಟೆ, ಒಂದು ಕಾಗದ ಹಾಕ್ಬಾರ್ದಿತ್ತಾ, ಊಟ ಆಯ್ತಾ" ಅಂತ ಕೇಳ್ತಾ ಕೈ ಚಾಚ್ಕೊಂಡು ಹೋದೆ. ನಿಮ್ಮಪ್ಪನ ಅಂಗಿ ಸಿಕ್ತು.

ಕ್ಯಾಸೆಟ್ಟಿನ ವಿಷಯ ಮೊದಲೇ ಅಂಗೈ ಮೇಲೆ ಬರೆದಿದ್ರು, ಇಲ್ಲ ಅನ್ನಲ್ಲ. ನನಗೆ ಗೊತ್ತಿತ್ತು. ಗೊತ್ತಿರೋದು ಬೇರೆ, ಕಿವಿ ಬೇರೆ.

ಎರಡನೇ ದಿನ ಎದ್ದು ನಿಲ್ಲಬಾರದು ಅಂತ ಗಟ್ಟಿ ಮಾಡ್ಕೊಂಡು ಕೂತೆ. ಎದ್ದೆ. ಆಮೇಲೆ ದಿನಾ. ಬೆಳಗ್ಗೆ ಇವರು ಹಾಲು ತಂದಾಗ ನೀನು ಬರ್ತೀಯ, ಔಷಧಿ ತಂದಾಗ ನೀನು ಬರ್ತೀಯ, ಬಚ್ಚಲಿಂದ ಬಂದ್ರೂ ನೀನೇ ಬರ್ತೀಯ. "ಕಾಲು ನೋಯ್ತಿದ್ಯಾ" ಅಂತೀಯ. ನಾನು ಕಾಲು ಚಾಚ್ತೀನಿ. ಒತ್ತೋ ಕೈ ಇವರದು. ಬಂದಷ್ಟು ಸಲ ಹೋಗ್ತೀಯ ಪುಟ್ಟೀ. ನಿಜವಾಗಿ ಬಂದು ಹೋದ್ರೆ ಒಂದ್ಸಲ ಅತ್ತು ಸುಮ್ಮನಾಗಬಹುದು. ಇದಕ್ಕೆ ಏನು ಮಾಡ್ಲಿ?

ನಿಮ್ಮಪ್ಪನಿಗೂ ಸಂಕಟ. ತಾನು ಒಳಗೆ ಬಂದಾಗೆಲ್ಲ ಹೆಂಡತಿ ಬೇರೆ ಯಾರಿಗೋ ಕೈ ಚಾಚಿದ್ರೆ ಯಾವ ಗಂಡಸಿಗೆ ಸಂಕಟ ಆಗಲ್ಲ, ಮಗಳೇ ಆದ್ರೂ? (ಆಗಿಲ್ಲ.) ಆಗಿಲ್ಲ ಅಂತ ಗೀಚಿದ್ರಾ? ಆಗಿದೆ. ಬರ್ಕೊಳ್ಳಿ.

ನಿನ್ನೆ ನಾನೇ ಹೇಳ್ಬಿಟ್ಟೆ, ಅದನ್ನ ಹಾಕ್ಬೇಡಿ ಅಂತ. ಬೇಕಾದ್ರೆ ಬೆಚ್ಚಿ ಬೀಳ್ತೀನಿ, ಲೋಟ ಬಿದ್ರೆ ಬೀಳ್ಲಿ. ಹೆದರಿಕೆ ತಡ್ಕೋಬಹುದು, ಒಂದು ಗಳಿಗೆ ಇದ್ದು ಹೋಗತ್ತೆ. ಆಸೆ ತಡ್ಕೊಳ್ಳೋಕಾಗಲ್ಲ.

ನೀನು ಗಡುವು ಮುಗಿಸ್ಕೊಂಡು ಬಾ. ಬರೋವಾಗ ಹೊಸ್ತಿಲಲ್ಲಿ ಏನೂ ಮಾತಾಡ್ಬೇಡ. ನಿನ್ನ ದನಿ ಮಾತ್ರ ಬಂದು ಬಂದು ನನಗೆ ಅದರ ಮೇಲೆ ನಂಬಿಕೆ ಹೋಗಿದೆ. ಸುಮ್ಮನೆ ಬಂದು ಕೈ ಹಿಡ್ಕೋ.

ಇಷ್ಟೇ. ಸಾಕು ರೀ, ನಿಲ್ಸಿ.

ನಿನ್ನ ಅಮ್ಮ

ಮಗಳೇ, ಇನ್ನು ಮುಂದಿನದು ನಾನು ಬರೆಯುತ್ತಿರುವುದು. ಹೇಳಿ ಮುಗಿಸಿ ಅಳುತ್ತಿದ್ದಾಳೆ. ನಾನು ನಿಲ್ಲಿಸಿದ್ದೆ. ಪೆನ್ನು ಕೆಳಗಿಟ್ಟ ಕೂಡಲೇ ತಲೆ ಎತ್ತಿ, "ಎಲ್ಲಿಗೆ ಹೋದ್ರಿ?" ಅಂದಳು. ನಾನು ಪೆನ್ನೆತ್ತಿ ಒಂದು ಗೀಟು ಎಳೆದೆ. "ಹಾಂ, ಇಲ್ಲೇ ಇದ್ದೀರಾ" ಅಂದಳು. ಈ ಪೆನ್ನಿನ ಮುಳ್ಳು ಸವೆದು ಕಾಗದವನ್ನು ಕೆರೆಯುತ್ತದೆ, ಆ ಸದ್ದು ಅವಳಿಗೆ ಕೇಳಿಸುತ್ತಿದೆ. ಅದಕ್ಕೇ ಬರೆಯುತ್ತಿದ್ದೇನೆ. ಬರೆಯಲು ಏನೂ ಉಳಿದಿಲ್ಲ. ಹೊರಗೆ ಯಾರೋ ಬಟ್ಟೆ ಒಗೆಯುತ್ತಿದ್ದಾರೆ. ಅಂಚೆಯವನು ಇವತ್ತು ಬರಲಿಲ್ಲ. ಹುರುಳಿಕಾಯಿ ಬೇಯಲು ಇಟ್ಟಿದ್ದೇನೆ. ಅವಳ ಅಳು ಸ್ವಲ್ಪ ಕಡಿಮೆಯಾಗಿದೆ, ಪೂರ್ತಿ ನಿಂತಿಲ್ಲ. ನಿಲ್ಲುವವರೆಗೆ ಈ ಹಾಳೆ ಸಾಲದು, ಹಿಂದಿನ ಮಗ್ಗುಲಿಗೆ ಹೋಗುತ್ತೇನೆ. ನೀನು ಇದನ್ನೆಲ್ಲ ಓದಬೇಕಾಗಿಲ್ಲ.